ಪಿಕಪ್‌ಗೆ ಫುಟ್‌ಬೋರ್ಡ್: ಹಲಗೆಯ ಹಿಂದೆ ಇರುವ ಕೆಲಸ

(ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರು, ಡ್ರೈವರ್‌ಗಳು ಮತ್ತು ವೆಲ್ಡಿಂಗ್ ಕೆಲಸ ಕಲಿಯುತ್ತಿರುವ ಹುಡುಗರ ಮುಂದೆ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕರಿಹಲಗೆಯ ಮೇಲೆ ಮಾಡಿದ ಲೆಕ್ಕವನ್ನು ಮಾತಿನ ನಡುವೆಯೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಫುಟ್‌ಬೋರ್ಡ್, ಅಂದರೆ ಕ್ಯಾಬಿನ್ ಹತ್ತಲು ಬಾಗಿಲ ಕೆಳಗೆ ಹಾಕುವ ಮೆಟ್ಟಿಲ ಹಲಗೆ, ಮಾಡಿಸಲು ಬರುವವರು ಮೊದಲು ಹಲಗೆಯ ಮಾತು ಎತ್ತುತ್ತಾರೆ. ಚೆಕ್ಕರ್ ಪ್ಲೇಟ್ (ಮೈಮೇಲೆ ಉಬ್ಬುಗಳಿರುವ ತಗಡು) ಹಾಕೋಣವಾ, ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಪೈಪ್ ಹಾಕೋಣವಾ, ಮ್ಯಾಟ್ ಬ್ಲ್ಯಾಕ್ ಹೊಡೀತೀರಾ, ಕೆಳಗೆ ಎಲ್‌ಇಡಿ ಪಟ್ಟಿ ಕೊಡ್ತೀರಾ. ಹಲಗೆಯನ್ನು ಗಾಡಿಗೆ ಹಿಡಿದಿಡುವ ತೋಳು, ಅಂದರೆ ಬ್ರಾಕೆಟ್ ಬಗ್ಗೆ ಕೇಳುವವರು ಅಪರೂಪ. ಅದು ಕಣ್ಣಿಗೆ ಬೀಳುವುದಿಲ್ಲ ನೋಡಿ. ಗಾಡಿ ಪಕ್ಕ ನಿಂತು ಫೋಟೋ ತೆಗೆದರೆ ಹಲಗೆ ಬರುತ್ತದೆ, ಬ್ರಾಕೆಟ್ ಬರುವುದಿಲ್ಲ.

ಇವತ್ತು ನಾನು ಹೆಚ್ಚು ಮಾತಾಡುವುದು ಆ ಕಾಣದ ಭಾಗದ ಬಗ್ಗೆ. ಹಲಗೆ ಯಾವುದು ಹಾಕಿದರೂ ಒಂದಲ್ಲ ಒಂದು ರೀತಿ ನಡೆಯುತ್ತದೆ. ಸವೆದರೆ ಬದಲಾಯಿಸಬಹುದು. ಆದರೆ ಅದು ಚಾಸಿಸ್‌ಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಸೇರುವ ಜಾಗದಲ್ಲಿ ಕೆಲಸ ಕೆಟ್ಟರೆ ಹಲಗೆ ಹೋಗುತ್ತದೆ, ಜೊತೆಗೆ ಚಾಸಿಸ್ಸೂ ಹೋಗುತ್ತದೆ. ಚಾಸಿಸ್ ಬದಲಾಯಿಸುವ ಖರ್ಚು ನಿಮಗೆ ಗೊತ್ತೇ ಇದೆ.

ಈ ಹಲಗೆ ಹೊಸದೇನಲ್ಲ. ಕುದುರೆ ಗಾಡಿಗಳ ಕಾಲದಿಂದ ಬಂದದ್ದು. 1908ರಲ್ಲಿ ಶುರುವಾದ ಫೋರ್ಡ್ ಮಾಡೆಲ್ ಟಿ ಕಾರಿಗೆ ಮುಂದಿನ ಮಡ್‌ಗಾರ್ಡಿನಿಂದ ಹಿಂದಿನ ಮಡ್‌ಗಾರ್ಡಿನ ತನಕ ಉದ್ದಕ್ಕೆ ಹಲಗೆ ಇತ್ತು. 1930ರ ದಶಕ ಮುಗಿಯುವ ಹೊತ್ತಿಗೆ ಕಾರುಗಳ ಬಾಡಿ ಅಗಲವಾಯಿತು, ನೆಲ ತಗ್ಗಿತು. ಹಲಗೆ ಬೇಡವಾಯಿತು. ಪಿಕಪ್‌ನಲ್ಲಿ ನೆಲ ತಗ್ಗಿಸುವ ಹಾಗಿಲ್ಲ. ತೋಟದ ರಸ್ತೆಯಲ್ಲಿ ಹೋಗಬೇಕು, ಮೂಟೆ ಹೊರಬೇಕು. ಹಾಗಾಗಿ ಕ್ಯಾಬಿನ್ ಎತ್ತರದಲ್ಲೇ ಉಳಿಯಿತು, ಹತ್ತುವ ಕಷ್ಟವೂ ಉಳಿಯಿತು.

ಮನೆಯ ಮೆಟ್ಟಿಲು ಸಾಮಾನ್ಯವಾಗಿ ಆರೇಳು ಇಂಚು ಎತ್ತರ ಇರುತ್ತದೆ. ಪಿಕಪ್ ಕ್ಯಾಬಿನ್ನಿನ ನೆಲ ಎರಡು ಅಡಿಯ ಆಸುಪಾಸು. ಮಂಡಿ ನೋವಿರುವ ಅಜ್ಜಿಗೆ ಅದು ಮೆಟ್ಟಿಲಲ್ಲ, ಗೋಡೆ. ಅದಕ್ಕೇ ನಾನು ಅಳತೆ ಟೇಪ್ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಇದನ್ನು ಜಾಸ್ತಿ ಹತ್ತುವವರು ಯಾರು? ಡ್ರೈವರ್ ಒಬ್ಬನೇ ಅಂದರೆ ಒಂದು ಎತ್ತರ. ಮನೆಯ ಹಿರಿಯರನ್ನು ಆಸ್ಪತ್ರೆಗೆ ಕರ್ಕೊಂಡು ಹೋಗುವ ಗಾಡಿ ಅಂದರೆ ಇನ್ನೊಂದು. ಹಿರಿಯರಿದ್ದರೆ ಹಲಗೆ ಅರ್ಧ ಎತ್ತರಕ್ಕಿಂತ ಒಂದೆರಡು ಇಂಚು ಕೆಳಗೆ ಇರಲಿ. ಮೊದಲ ಹೆಜ್ಜೆಗೆ ನೆಲದಿಂದ ಕಾಲು ಎತ್ತಬೇಕು, ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಎರಡನೆಯ ಹೆಜ್ಜೆಗೆ ಬಾಗಿಲ ಹತ್ತಿರದ ಹಿಡಿ ಸಿಗುತ್ತದೆ.

ಆದರೆ ಕೆಳಗೆ ಇಳಿಸಿದಷ್ಟೂ ಕಲ್ಲು ತಗಲುತ್ತದೆ. ಇಲ್ಲಿ ಕೂತಿರುವ ಆಲ್ದೂರು, ಕಳಸ, ಮೂಡಿಗೆರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟದ ರಸ್ತೆಯ ನಡುವೆ ದಿಣ್ಣೆ, ಎರಡೂ ಕಡೆ ಚಕ್ರದ ಗುಂಡಿ. ಒಂದು ಕಡೆಯ ಚಕ್ರ ಗುಂಡಿಗೆ ಇಳಿದರೆ ಆ ಕಡೆಯ ಹಲಗೆ ಮೊದಲು ನೆಲ ಮುಟ್ಟುತ್ತದೆ. ಹಲಗೆ ಎಷ್ಟು ಕೆಳಗೆ ಬರಬಹುದು ಅನ್ನುವುದನ್ನು ಶೋರೂಂ ಮುಂದಿನ ಡಾಂಬರಿನ ಮೇಲೆ ನಿಂತು ತೀರ್ಮಾನ ಮಾಡಬೇಡಿ. ಲೋಡ್ ತುಂಬಿಸಿ ನೋಡಿ. ಭಾರಕ್ಕೆ ಸ್ಪ್ರಿಂಗಿನ ಪಟ್ಟಿಗಳು ತಗ್ಗಿ ಕೂತಾಗ ಹಿಂಭಾಗ ಜಾಸ್ತಿ ಇಳಿಯುತ್ತದೆ, ಮುಂಭಾಗ ಕಡಿಮೆ. ಖಾಲಿ ಗಾಡಿಗೆ ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ನೋಡಿದರೆ, ಲೋಡ್ ಹಾಕಿದಾಗ ಹಲಗೆ ಹಿಂದಕ್ಕೆ ವಾಲುತ್ತದೆ. ಖಾಲಿ ಇರುವಾಗ ಎಷ್ಟೋ ಪಿಕಪ್‌ಗಳ ಮೂಗು ಸ್ವಲ್ಪ ಕೆಳಗೇ ಇರುತ್ತದೆ. ಆದ್ದರಿಂದ ನೆಲವನ್ನು ನಂಬದೆ ಬಾಗಿಲ ಕೆಳಗಿನ ಅಂಚನ್ನು ಹಿಡಿದು ಅದಕ್ಕೆ ಸಮನಾಗಿ ಕಟ್ಟಿ. ಕಣ್ಣಿಗೂ ಸರಿ, ಕಾಲಿಗೂ ಸರಿ.

ಇನ್ನೊಂದು ಮಾತು. ಫುಟ್‌ಬೋರ್ಡ್ ಬೇರೆ, ಸ್ಲೈಡರ್ ಬೇರೆ. ಸ್ಲೈಡರ್ ಅಂದರೆ ಬಂಡೆಯ ಮೇಲೆ ಗಾಡಿಯ ತೂಕವೇ ಕೂತರೂ ತಡೆಯುವ ದಪ್ಪ ಪೈಪಿನ ಚೌಕಟ್ಟು. ಫುಟ್‌ಬೋರ್ಡ್ ಒಬ್ಬ ಮನುಷ್ಯನ ತೂಕಕ್ಕೆ. ಸ್ಲೈಡರ್ ಹಾಗೆ ಕಾಣುವ ಫುಟ್‌ಬೋರ್ಡ್ ಮಾಡಿಸಿಕೊಂಡು ಅದರ ಕೆಳಗೆ ಜಾಕ್ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಜಾಕ್ ಕೊಡುವ ಜಾಗ ಗಾಡಿಯ ಪುಸ್ತಕದಲ್ಲಿ ಇದೆ. ಹಲಗೆ ಬಂದ ಮೇಲೂ ಆ ಜಾಗಕ್ಕೆ ಕೈ ಹೋಗುವಂತಿರಬೇಕು, ಅಷ್ಟೇ.

ಈಗ ಲೆಕ್ಕ. ಹೆದರಬೇಡಿ, ಗುಣಾಕಾರ ಭಾಗಾಕಾರ ಮಾತ್ರ.

ಚಾಸಿಸ್ ಇರುವುದು ಗಾಡಿಯ ಅಡಿಯಲ್ಲಿ, ಒಳಗಡೆ. ಹಲಗೆ ಇರುವುದು ಬಾಡಿಯ ಅಂಚಿನಲ್ಲಿ. ನಡುವಿನ ಅಂತರ 40 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ, ನಿಮ್ಮ ಗಾಡಿಯಲ್ಲಿ ಅಳೆದು ನೋಡಿ. 100 ಕೆ.ಜಿ. ಮನುಷ್ಯ ಒಂದು ಬ್ರಾಕೆಟ್‌ನ ನೇರಕ್ಕೇ ಕಾಲಿಟ್ಟ. ಹೆಚ್ಚುಕಡಿಮೆ 1,000 ನ್ಯೂಟನ್ ಭಾರ, 0.4 ಮೀಟರ್ ದೂರ. ಬ್ರಾಕೆಟ್‌ನ ಬುಡದಲ್ಲಿ 400 ನ್ಯೂಟನ್ ಮೀಟರ್ ಬಗ್ಗಿಸುವ ಬಲ. ಅವನು ನಿಧಾನಕ್ಕೆ ಹತ್ತಿದರೆ ಇಷ್ಟು. ಮೇಲಿನಿಂದ ಧೊಪ್ಪನೆ ಇಳಿದರೆ ಇದರ ಎರಡರಷ್ಟು ಹಿಡಿಯಿರಿ, 800.

ಅಂಗಡಿಯಲ್ಲಿ ಸುಲಭವಾಗಿ ಸಿಗುವ 25 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಪೈಪ್ ತಗೊಳ್ಳಿ. ಕಿಟಕಿ ಗ್ರಿಲ್‌ಗೆ, ಗೇಟಿಗೆ ಹಾಕುವ ಪೈಪ್ ಅದು. ಅದರ ಮೇಲೆ ಈ 400 ಬಿದ್ದರೆ ಲೋಹದೊಳಗೆ ಹುಟ್ಟುವ ಒತ್ತಡ 300 ಮೆಗಾಪಾಸ್ಕಲ್ ದಾಟುತ್ತದೆ. ಸಾದಾ ಎಂಎಸ್ (ಮೈಲ್ಡ್ ಸ್ಟೀಲ್) ಕಬ್ಬಿಣ ಶಾಶ್ವತವಾಗಿ ಬಗ್ಗಲು ಶುರುವಾಗುವುದು 250ರ ಹತ್ತಿರ. ಅಂದರೆ ಆ ಮನುಷ್ಯ ಕುಣಿಯಬೇಕಾಗಿಲ್ಲ, ಸುಮ್ನೆ ನಿಂತರೆ ಸಾಕು, ಪೈಪ್ ಬಗ್ಗುತ್ತದೆ. ಈಗ 40 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಪೈಪ್ ತಗೊಳ್ಳಿ. ಧೊಪ್ಪನೆ ಇಳಿದ 800 ಬಿದ್ದರೂ ಒತ್ತಡ 160ರ ಒಳಗೇ. ಪೈಪಿನ ತೂಕ ಹೆಚ್ಚುಕಡಿಮೆ ಎರಡೂವರೆ ಪಟ್ಟಾಯಿತು, ಬಲ ನಾಲ್ಕು ಪಟ್ಟಾಯಿತು. ಅಗಲವಾದ ಪೈಪಿಗೆ ಕೊಡುವ ದುಡ್ಡು ದಂಡವಲ್ಲ ಅನ್ನುವುದು ಇದಕ್ಕೇ.

ಉದ್ದದ ಒಳಗಿನ ಪಟ್ಟಿಗೆ ಬೇಕಾದರೆ ಸಣ್ಣ ಪೈಪ್ ಹಾಕಿ, ತೊಂದರೆ ಇಲ್ಲ. ಬ್ರಾಕೆಟ್‌ಗೆ ಬೇಡ. ಒಂದೇ ಕ್ಯಾಬಿನ್ನಿನ ಗಾಡಿಗೆ ಒಂದೊಂದು ಕಡೆ ಎರಡು ಬ್ರಾಕೆಟ್, ಎರಡು ಸಾಲು ಸೀಟಿನ ಡಬಲ್ ಕ್ಯಾಬಿನ್ನಿಗೆ ಮೂರು. ನಾನು ಮಾಡುವ ಡಬಲ್ ಕ್ಯಾಬಿನ್ ಹಲಗೆಗಳು ಎರಡೂ ಕಡೆ ಸೇರಿ 35 ಕೆ.ಜಿ. ಹತ್ತಿರ ಬರುತ್ತವೆ. ಅದಕ್ಕಿಂತ ಜಾಸ್ತಿ ಆದರೆ ಎಲ್ಲೋ ಸುಮ್ನೆ ಕಬ್ಬಿಣ ತುಂಬಿದ್ದೇವೆ ಅಂತ ಅರ್ಥ.

ಬೋಲ್ಟ್ ಕಡೆ ಬನ್ನಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ನೋಡಲೇಬೇಕಾದ ಜಾಗ ಇದು. ಬ್ರಾಕೆಟ್‌ನ ಬುಡದಲ್ಲಿ ಒಂದು ಪ್ಲೇಟ್ ಇರುತ್ತದೆ, ಅದನ್ನು ಚಾಸಿಸ್ ಪಕ್ಕಕ್ಕೆ ಮೇಲೊಂದು ಕೆಳಗೊಂದು ಬೋಲ್ಟ್ ಹಾಕಿ ಬಿಗಿಯುತ್ತೇವೆ. ಹಾರೆ ಹಾಕಿ ಬಂಡೆ ಎಬ್ಬಿಸುವಾಗ ಏನಾಗುತ್ತದೋ ಇಲ್ಲಿಯೂ ಅದೇ. ತುದಿಯಲ್ಲಿ ಒತ್ತಿದ ಸಣ್ಣ ಭಾರ ಬುಡದಲ್ಲಿ ದೊಡ್ಡದಾಗಿ ಎಬ್ಬಿಸುತ್ತದೆ. ಎರಡು ಬೋಲ್ಟ್‌ಗಳ ನಡುವೆ 8 ಸೆಂಟಿಮೀಟರ್ ಅಂತರ ಇದ್ದರೆ, 400ನ್ನು 0.08ರಿಂದ ಭಾಗಿಸಿ. 5,000 ನ್ಯೂಟನ್. 100 ಕೆ.ಜಿ. ಮನುಷ್ಯ ನಿಂತರೆ ಮೇಲಿನ ಬೋಲ್ಟನ್ನು ಹತ್ತಿರ ಹತ್ತಿರ 500 ಕೆ.ಜಿ. ಎಳೆಯುತ್ತದೆ. ಧೊಪ್ಪನೆ ಇಳಿದರೆ ಒಂದು ಟನ್! ಅದೇ ಬೋಲ್ಟ್‌ಗಳ ಅಂತರ 12 ಸೆಂಟಿಮೀಟರ್ ಮಾಡಿ. 500 ಇದ್ದದ್ದು 330ಕ್ಕೆ ಇಳಿಯುತ್ತದೆ. ಒಂದು ಪೈಸೆ ಖರ್ಚಿಲ್ಲದೆ, ತೂತಿನ ಜಾಗ ಬದಲಾಯಿಸಿದ್ದಕ್ಕೆ ಸಿಕ್ಕ ಲಾಭ ಇದು.

ಗಟ್ಟಿ ಬೋಲ್ಟ್‌ನ ತಲೆಯ ಮೇಲೆ ಅದರ ಬಲದ ದರ್ಜೆ 8.8 ಅಂತ ಕೆತ್ತಿರುತ್ತದೆ. ಅದನ್ನು ನೋಡಿ ತಗೊಳ್ಳಿ. 10 ಮಿ.ಮೀ. ದಪ್ಪದ 8.8 ಬೋಲ್ಟ್ ಮೂರು ಟನ್ನಿಗಿಂತ ಜಾಸ್ತಿ ಎಳೆತ ತಡೆಯುತ್ತದೆ. ತಲೆಯ ಮೇಲೆ ಏನೂ ಬರೆಯದ ಬೋಲ್ಟ್ ಎಷ್ಟು ತಡೆಯುತ್ತದೆ ಅಂತ ಮಾರಿದವನಿಗೂ ಗೊತ್ತಿಲ್ಲ. ನಟ್ ನೈಲಾಕ್ ಇರಲಿ, ಅಂದರೆ ಒಳಗೆ ನೈಲಾನ್ ಉಂಗುರ ಇರುವುದು. ತೋಟದ ರಸ್ತೆಯ ಅದುರುವಿಕೆಗೆ ಸಾದಾ ನಟ್ ತಾನಾಗಿ ಕಳಚಿಕೊಳ್ಳುತ್ತದೆ. ಚಾಸಿಸ್ ಡಬ್ಬಿಯ ಹಾಗೆ ಮುಚ್ಚಿದ ಸೆಕ್ಷನ್ ಆಗಿದ್ದರೆ, ಆರಪಾರ ಬೋಲ್ಟ್ ಹಾಕುವಾಗ ಒಳಗೆ ಒಂದು ತುಂಡು ಪೈಪ್ ಸ್ಲೀವ್ ಆಗಿ ಇರಲೇಬೇಕು. ಇಲ್ಲದಿದ್ದರೆ ಬಿಗಿದಷ್ಟೂ ಚಾಸಿಸ್ ಗೋಡೆ ಒಳಕ್ಕೆ ಕುಗ್ಗುತ್ತದೆ. ಬೋಲ್ಟ್ ಬಿಗಿಯಾಯಿತು ಅನ್ನಿಸುತ್ತದೆ, ಆಗಿರುವುದಿಲ್ಲ.

ತೂತು ಎಲ್ಲಿ ಕೊರೆಯಬೇಕು? ಆದಷ್ಟೂ ಕೊರೆಯಬೇಡಿ. ಚಾಸಿಸ್‌ನಲ್ಲಿ ಕಂಪನಿಯವರೇ ಬಿಟ್ಟ ತೂತುಗಳು ಇರುತ್ತವೆ, ಮೊದಲು ಅವುಗಳನ್ನು ಹುಡುಕಿ, ಅವು ಎಲ್ಲಿವೆಯೋ ಅಲ್ಲಿಗೆ ಬ್ರಾಕೆಟ್ ಹೊಂದಿಸಿ. ರಟ್ಟು ಕತ್ತರಿಸಿ ಅಚ್ಚು ಮಾಡಿಕೊಂಡರೆ ಕೆಲಸ ಸುಲಭ. ತೂತು ಸಿಗದಿದ್ದರೆ ಚಾಸಿಸ್ ಸುತ್ತ ಅಪ್ಪಿಕೊಳ್ಳುವ ಕ್ಲ್ಯಾಂಪ್ ಮಾಡಿ. ಚಾಸಿಸ್‌ನ ಮೇಲಿನ ಮತ್ತು ಕೆಳಗಿನ ಅಂಚಿಗೆ ಡ್ರಿಲ್ ಬಿಟ್ ಮುಟ್ಟಿಸಲೇಬೇಡಿ. ಲೋಡ್ ಬಿದ್ದಾಗ ಎಳೆತ ಮತ್ತು ಒತ್ತು ಜಾಸ್ತಿ ಇರುವುದು ಆ ಅಂಚುಗಳಲ್ಲೇ. ಪಕ್ಕದ ಗೋಡೆಯ ನಡುಭಾಗದಲ್ಲಿ ಕಡಿಮೆ.

ವೆಲ್ಡಿಂಗ್? ಚಾಸಿಸ್‌ಗೆ ಬೇಡವೇ ಬೇಡ. ಇಲ್ಲಿ ಮೇಜಿನ ಮೇಲೆ ಒಂದು ತುಂಡು ಇಟ್ಟಿದ್ದೇನೆ, ಕೈಯಿಂದ ಕೈಗೆ ದಾಟಿಸಿ ನೋಡಿ. ಗುಜರಿಗೆ ಹೋದ ಒಂದು ಚಾಸಿಸ್‌ನಿಂದ ಕತ್ತರಿಸಿ ತಂದದ್ದು. ಯಾರೋ ಬ್ರಾಕೆಟನ್ನು ನೇರವಾಗಿ ವೆಲ್ಡ್ ಮಾಡಿದ್ದಾರೆ. ಬೀಡ್, ಅಂದರೆ ವೆಲ್ಡಿಂಗ್‌ನ ಉಬ್ಬು ಗೆರೆ, ಚೆನ್ನಾಗಿಯೇ ಬಂದಿದೆ, ಹುಡುಗ ಕೆಲಸ ಗೊತ್ತಿದ್ದವನು. ಬೀಡ್ ಒಡೆದಿಲ್ಲ. ಬೀಡ್ ಮುಗಿದು ಚಾಸಿಸ್ ಲೋಹ ಶುರುವಾಗುವ ಗೆರೆ ನೋಡಿ. ಬಿರುಕು ಹುಟ್ಟಿದ್ದು ಅಲ್ಲಿ. ಬಿರುಕಿನ ಮುಖವನ್ನು ಬೆಳಕಿಗೆ ಹಿಡಿದರೆ ಎರಡು ಬಣ್ಣ ಕಾಣುತ್ತದೆ. ಬೀಡಿನ ಹತ್ತಿರದ ಒಂದು ಬೆರಳು ಅಗಲ ಕಂದು, ತುಕ್ಕು ಹಿಡಿದಿದೆ. ಅದು ಹಳೆಯ ಬಿರುಕು, ಮಳೆ ನೀರು ಕುಡಿದುಕೊಂಡು ನಿಧಾನಕ್ಕೆ ಮುಂದೆ ಹೋಗಿದೆ. ಅದರಾಚೆ ಬೂದು ಬಣ್ಣ, ಕಣಕಣವಾಗಿ ಹೊಳೆಯುತ್ತದೆ. ಅದು ಕೊನೆಗೆ ಒಂದೇ ಸಲಕ್ಕೆ ಹರಿದದ್ದು. ವೆಲ್ಡಿಂಗ್ ಶಾಖ ಬಿದ್ದ ಪಟ್ಟಿಯಲ್ಲಿ ಲೋಹದ ಗುಣವೇ ಬದಲಾಗುತ್ತದೆ. ಅದರ ಜೊತೆಗೆ ಬೀಡಿನ ಅಂಚು ಒಂದು ಗಾಯದ ಹಾಗೆ ಕೆಲಸ ಮಾಡುತ್ತದೆ. ಚಾಸಿಸ್ ದಿನವೂ ಸಾವಿರಾರು ಸಲ ಸಣ್ಣಗೆ ಬಗ್ಗಿ ಏಳುತ್ತದೆ. ಅಷ್ಟು ಸಾಕು.

ಹಾಗಾದರೆ ಕ್ಯಾಬಿನ್ನಿಗೆ ಬಿಗಿಯೋಣವಾ ಅಂದರೆ ಅದೂ ಬೇಡ. ಕ್ಯಾಬಿನ್ ಕೂತಿರುವುದು ರಬ್ಬರ್ ಮೌಂಟ್‌ಗಳ ಮೇಲೆ. ಚಾಸಿಸ್ ಒಂದು ಕಡೆ ತಿರುಚಿದರೆ ಕ್ಯಾಬಿನ್ ಸ್ವಲ್ಪ ತಡೆದು ತನ್ನ ಪಾಡಿಗೆ ಅಲುಗುತ್ತದೆ. ಬ್ರಾಕೆಟ್‌ನ ಒಂದು ತುದಿ ಚಾಸಿಸ್‌ಗೆ, ಇನ್ನೊಂದು ತುದಿ ಬಾಗಿಲ ಕೆಳಗಿನ ತಗಡಿಗೆ ಕಟ್ಟಿದರೆ ಇಬ್ಬರ ಜಗಳದಲ್ಲಿ ತಗಡು ಹರಿಯುತ್ತದೆ. ಮೊದಮೊದಲು ಕಿರ್ ಕಿರ್ ಅನ್ನುತ್ತದೆ, ಆಮೇಲೆ ಬಣ್ಣ ಬಿರುಕು, ಆಮೇಲೆ ಮಳೆಗಾಲದಲ್ಲಿ ಕಾಲಡಿ ಒದ್ದೆ. ಪೂರ್ತಿ ಚಾಸಿಸ್‌ಗೆ ಬಿಗಿಯಿರಿ. ಹಲಗೆಗೂ ಬಾಡಿಗೂ ನಡುವೆ ಎರಡು ಬೆರಳು ಜಾಗ ಬಿಡಿ.

ಕೆಲಸ ಶುರು ಮಾಡುವ ಮುಂಚೆ ಗಾಡಿ ಅಡಿಗೆ ಟಾರ್ಚ್ ಹಿಡಿದು ಮಲಗಿ ಒಮ್ಮೆ ಉದ್ದಕ್ಕೆ ನೋಡಿ. ಬ್ರೇಕ್ ಪೈಪ್ ಎಲ್ಲಿ ಹೋಗಿದೆ, ಡೀಸೆಲ್ ಲೈನ್ ಎಲ್ಲಿ, ವೈರ್ ಕಟ್ಟು ಎಲ್ಲಿ. ಎಷ್ಟೋ ಗಾಡಿಗಳಲ್ಲಿ ಇವು ಚಾಸಿಸ್‌ನ ಒಳಮೈಗೆ ಅಂಟಿಕೊಂಡೇ ಸಾಗುತ್ತವೆ. ಹೊರಗಿನಿಂದ ಡ್ರಿಲ್ ಮಾಡುವವನಿಗೆ ಕಾಣುವುದಿಲ್ಲ. ಬಿಎಸ್‌6 (ಈಚಿನ ಹೊಗೆ ನಿಯಮದ) ಡೀಸೆಲ್ ಗಾಡಿಯಾದರೆ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಎಲ್ಲಿದೆ ನೋಡಿಕೊಳ್ಳಿ. ಅದು ಒಳಗಿನ ಮಸಿಯನ್ನು ಸುಟ್ಟುಕೊಳ್ಳುವಾಗ ಶಾಖ 550ರಿಂದ 600 ಡಿಗ್ರಿ ಮುಟ್ಟುತ್ತದೆ. ಅದರ ಪಕ್ಕದಲ್ಲಿ ರಬ್ಬರ್ ಮ್ಯಾಟ್, ಪ್ಲಾಸ್ಟಿಕ್ ಮುಚ್ಚಳ ಯಾವುದೂ ಬೇಡ. ಬ್ರಾಕೆಟ್‌ನ ತುಂಡುಗಳನ್ನು ಗಾಡಿಗೆ ಹಿಡಿದು ಒಂದಕ್ಕೊಂದು ಬರೀ ಟ್ಯಾಕ್ (ಚುಕ್ಕೆ ವೆಲ್ಡ್) ಹೊಡೆಯುವುದಿದ್ದರೂ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಇನ್ನೂ ಒಳ್ಳೆಯದು, ಗುರುತು ಮಾಡಿಕೊಂಡು ಕೆಳಗಿಳಿಸಿ ಬೆಂಚಿನ ಮೇಲೆ ವೆಲ್ಡ್ ಮಾಡಿ. ಈಗಿನ ಗಾಡಿಗಳಲ್ಲಿ ಕಂಪ್ಯೂಟರ್ ಡಬ್ಬಿಗಳು ಜಾಸ್ತಿ. ವೆಲ್ಡಿಂಗ್ ಕರೆಂಟ್ ಯಾವ ದಾರಿ ಹಿಡಿಯುತ್ತದೆ ಅಂತ ಹೇಳಲಾಗದು.

ಇನ್ನು ಹಲಗೆ. ಇಷ್ಟು ಹೊತ್ತು ಅದನ್ನು ಬೈದಂತೆ ಮಾತಾಡಿದೆ, ಈಗ ಅದಕ್ಕೂ ಮರ್ಯಾದೆ ಕೊಡೋಣ.

ಚೆಕ್ಕರ್ ಪ್ಲೇಟ್ ಜಾರುವುದಿಲ್ಲ ಅನ್ನುವ ನಂಬಿಕೆ ಇದೆ. ಒಣಗಿದ್ದಾಗ ನಿಜ. ಜುಲೈ ತಿಂಗಳಲ್ಲಿ ತೋಟದಿಂದ ಬಂದ ಗಂಬೂಟು ನೋಡಿದ್ದೀರಲ್ವಾ? ಅಡಿಯ ಗೆರೆಗಳೆಲ್ಲ ಮುಚ್ಚಿ ಕೆಂಪು ಮಣ್ಣು ಬೂಟಿನ ಅಂಚಿನಿಂದ ಹೊರಗೆ ಚಾಚಿರುತ್ತದೆ. ಆ ಕಾಲು ಚೆಕ್ಕರ್ ಪ್ಲೇಟಿನ ಮೇಲೆ ಬಿದ್ದರೆ ಉಬ್ಬುಗಳ ನಡುವೆ ಮಣ್ಣು ತುಂಬುತ್ತದೆ. ಎರಡನೆಯವನು ಹತ್ತುವ ಹೊತ್ತಿಗೆ ಅಲ್ಲಿ ಉಬ್ಬೇ ಇಲ್ಲ, ನುಣ್ಣಗೆ ಮೆತ್ತಿದ ಕೆಸರು. ಮಲೆನಾಡಿಗೆ ಬೇಕಾದ್ದು ಮಣ್ಣು ಕೆಳಗೆ ಬೀಳುವ ಹಲಗೆ. ಎಕ್ಸ್‌ಪ್ಯಾಂಡೆಡ್ ಮೆಟಲ್ ಜಾಲರಿ ಹಾಕಿ, ಇಲ್ಲವೇ ಪ್ಲೇಟಿಗೆ ದೊಡ್ಡ ತೂತು ಕೊರೆದು ತೂತಿನ ಅಂಚನ್ನು ಮೇಲಕ್ಕೆ ಎಬ್ಬಿಸಿ. ನೀರೂ ನಿಲ್ಲುವುದಿಲ್ಲ. ಜಾಲರಿಯಲ್ಲಿ ಒಂದು ತೊಂದರೆ ಇದೆ, ಅದರ ಚೂಪು ಅಂಚಿಗೆ ಸೀರೆ ಸಿಕ್ಕಿಕೊಳ್ಳುತ್ತದೆ. ಗ್ರೈಂಡರ್‌ನಲ್ಲಿ ಒಂದು ಕೈ ಉಜ್ಜಿ, ಸುತ್ತಲೂ ಪಟ್ಟಿ ಕೊಟ್ಟು ಮುಗಿಸಿ. ಬರಿಗಾಲಿನಲ್ಲಿ ಹತ್ತುವವರೂ ಇರುತ್ತಾರೆ.

ಅಗಲ 12ರಿಂದ 15 ಸೆಂಟಿಮೀಟರ್ ಸಾಕು. ಅಗಲ ಜಾಸ್ತಿಯಾದರೆ ಇಳಿಯುವಾಗ ಪ್ಯಾಂಟಿನ ಹಿಂಭಾಗಕ್ಕೆ ಕೆಸರು ಖಾತ್ರಿ. ಹೊರ ಅಂಚು ಟೈರಿನ ಹೊರಗೆರೆಯನ್ನು ದಾಟಬಾರದು. ಮುಂದಿನ ಚಕ್ರವನ್ನು ಪೂರ್ತಿ ತಿರುಗಿಸಿ, ಎರಡೂ ಕಡೆಗೆ ತಿರುಗಿಸಿ ನೋಡಿ, ಟೈರ್ ಹಲಗೆಯ ತುದಿಗೆ ಉಜ್ಜಬಾರದು.

ತುಕ್ಕಿನ ವಿಷಯ. ನಮ್ಮ ಜಿಲ್ಲೆಯಲ್ಲಿ ಮಳೆ ಒಂದೇ ಸಮ ಇಲ್ಲ. ಕಡೂರಿನಲ್ಲಿ ವರ್ಷಗಟ್ಟಲೆ ಬಾಳಿದ ಬಣ್ಣ ಕೊಟ್ಟಿಗೆಹಾರದಲ್ಲಿ ಒಂದು ಮಳೆಗಾಲಕ್ಕೆ ಏಳುತ್ತದೆ. (ಕೊಟ್ಟಿಗೆಹಾರ ಅಂದ ಕೂಡಲೇ ಹಿಂದಿನ ಸಾಲಿನಲ್ಲಿ ಯಾರೋ ನೀರುದೋಸೆ ಅಂದರು. ಹೌದು, ಅಲ್ಲಿ ನಿಲ್ಲಿಸಿದಾಗಲೇ ಬಗ್ಗಿ ಬ್ರಾಕೆಟ್ ನೋಡಿಬಿಡಿ.)

ಮಳೆಗಿಂತ ಕೆಟ್ಟ ಶತ್ರು ಒಂದು ನಿಮ್ಮ ಗಾಡಿಯಲ್ಲೇ ಬರುತ್ತದೆ. ಮೈಲುತುತ್ತ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಬೆರೆಸಿ ಗಿಡದ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ಕಬ್ಬಿಣದ ಚಾಕು ಅದ್ದಿ ನೋಡುತ್ತೀರಿ. ಸುಣ್ಣ ಸಾಲದಿದ್ದರೆ ಚಾಕುವಿಗೆ ತಾಮ್ರದ ಕಂದು ಲೇಪ ಹತ್ತುತ್ತದೆ. ಅಂದರೆ ಅಲ್ಲಿ ತಾಮ್ರ ಬಂದು ಕೂತು ಕಬ್ಬಿಣ ಕರಗಿ ಹೋಗುತ್ತಿದೆ. ಮೈಲುತುತ್ತದ ಚೀಲ ಒದ್ದೆಯಾಗಿ ಸೋರಿದರೆ, ಡ್ರಮ್ಮಿನಿಂದ ತುಳುಕಿದರೆ, ಅದೇ ಪರೀಕ್ಷೆ ನಿಮ್ಮ ಹಲಗೆಯ ಮೇಲೆ, ಬೋಲ್ಟ್ ಮೇಲೆ ನಡೆಯುತ್ತದೆ. ಪೊಟ್ಯಾಷ್ ಗೊಬ್ಬರವೂ ಅಷ್ಟೇ, ಅದು ಉಪ್ಪಿನ ಜಾತಿ, ಕಬ್ಬಿಣಕ್ಕೆ ಆಗದು. ಗೊಬ್ಬರ, ಔಷಧಿ ಸಾಗಿಸಿದ ದಿನ ಸಂಜೆ ಹಲಗೆಯ ಅಡಿಗೂ ನೀರು ಹೊಡೆಯಿರಿ. ಗ್ಲಾಸ್ ತೊಳೆಯುವುದನ್ನು ಬೇಕಾದರೆ ನಾಳೆಗೆ ಇಡಿ.

ಪೈಪ್ ಒಳಗಿನಿಂದ ಕೊಳೆಯುತ್ತದೆ ಅನ್ನುವುದನ್ನು ಮರೆಯುತ್ತೇವೆ. ಎರಡೂ ತುದಿಯನ್ನು ಪೂರ್ತಿ ವೆಲ್ಡ್ ಮಾಡಿ ಮುಚ್ಚಿ, ಇಲ್ಲವಾದರೆ ತಗ್ಗಿನ ಜಾಗದಲ್ಲಿ ನೀರು ಇಳಿಯುವ ತೂತು ಬಿಡಿ. ಅರ್ಧಂಬರ್ಧ ಮುಚ್ಚಿದ ಪೈಪ್ ಎಲ್ಲಕ್ಕಿಂತ ಕೆಟ್ಟದ್ದು, ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಬಿಸಿ ಸತುವಿನಲ್ಲಿ ಅದ್ದಿಸುವ ಗ್ಯಾಲ್ವನೈಸಿಂಗ್ ಮಾಡಿಸುವವರು ಮಾತ್ರ ಪೈಪನ್ನು ಪೂರ್ತಿ ಮುಚ್ಚಲೇಬಾರದು. ಕರಗಿದ ಸತು 450 ಡಿಗ್ರಿ ಇರುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ, ನೀರಿನ ಪಸೆ ಉಬ್ಬಿ ಪೈಪ್ ಬಾಂಬಿನಂತೆ ಒಡೆಯಬಹುದು. ತೂತು ಬಿಟ್ಟೇ ಕಳಿಸಿ.

ಬಣ್ಣದಲ್ಲಿ ನನ್ನ ಪಕ್ಷಪಾತ ಹೇಳಿಬಿಡುತ್ತೇನೆ. ಪೌಡರ್ ಕೋಟಿಂಗ್ ನೋಡಲು ಚೆಂದ, ಆದರೆ ಫುಟ್‌ಬೋರ್ಡ್‌ಗೆ ನನಗೆ ಹಿಡಿಸುವುದಿಲ್ಲ. ಮುಂದಿನ ಟೈರ್ ಎಸೆಯುವ ಜಲ್ಲಿ ತಗಲಿ ಒಂದು ಕಡೆ ಚೂರು ಎದ್ದರೆ ನೀರು ಪದರದ ಅಡಿಯಲ್ಲಿ ಹರಿಯುತ್ತದೆ. ಮೇಲೆ ಬಣ್ಣ ಗಟ್ಟಿಯಾಗಿಯೇ ಕಾಣುತ್ತದೆ, ಒಳಗೆ ತುಕ್ಕು. ಅದರ ಬದಲು ಗ್ರೈಂಡರ್ ಹಿಡಿದು ಕಪ್ಪು ಪೊರೆ ತೆಗೆದು, ಎಣ್ಣೆ ಜಿಡ್ಡು ಒರೆಸಿ, ಎಪಾಕ್ಸಿ ಪ್ರೈಮರ್ ಎರಡು ಕೋಟ್, ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ. ರೆಡ್ ಆಕ್ಸೈಡ್ ಒಂದನ್ನೇ ನಂಬಿ ಕೂರಬೇಡಿ. ಈ ಬಣ್ಣ ಎಲ್ಲಿ ಎದ್ದರೂ ಎದ್ದಲ್ಲೇ ಕಾಣುತ್ತದೆ, ಮಳೆ ಬಿಟ್ಟ ಮೇಲೆ ಅರೇಬಿಕಾ ಕುಯ್ಲು ಶುರುವಾಗುವ ಮುಂಚೆ ಒಂದು ಕೈ ಹೊಡೆದರೆ ಮುಗಿಯಿತು.

ಎಸ್‌ಎಸ್ ಬೇಕೇ ಬೇಕು ಅನ್ನುವವರು 304 ದರ್ಜೆಯದ್ದನ್ನು ಕೇಳಿ ತಗೊಳ್ಳಿ. 202 ಅಗ್ಗ, ಆದರೆ ತುಕ್ಕು ತಡೆಯುವುದು ಕಡಿಮೆ. ಮ್ಯಾಗ್ನೆಟ್ ಹಿಡಿದು ಪರೀಕ್ಷೆ ಮಾಡುತ್ತೇವೆ ಅನ್ನಬೇಡಿ, ಅದಕ್ಕೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಸ್‌ಎಸ್ ಹಲಗೆಗೆ ಸಾದಾ ಬೋಲ್ಟ್ ಹಾಕಿದರೆ ಬೋಲ್ಟ್ ಬೇಗ ತಿಂದುಹೋಗುತ್ತದೆ.

ಕಾನೂನು. ಇದು ಬೇಜಾರಿನ ಭಾಗ, ಆದರೂ ಬಿಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ, ಕಂಪನಿ ಕೊಟ್ಟ ಮೂಲ ವಿವರಕ್ಕೆ ತಾಳೆಯಾಗದಂತೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದ್ದಾರೆ. ಹಾಗಾಗಿ ಗಾಡಿಯ ಅಗಲ ದಾಟಬೇಡಿ, ಚೂಪು ಮೂಲೆ ಬಿಡಬೇಡಿ. ಕಬ್ಬಿಣ ಕತ್ತರಿಸುವ ಮೊದಲೇ ಒಂದು ಚಿತ್ರ ಬರೆದುಕೊಂಡು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ.

ಅದೇ ಕಾಯ್ದೆಯ 123ನೇ ಸೆಕ್ಷನ್ ಇನ್ನೂ ನೇರ. ಫುಟ್‌ಬೋರ್ಡ್ ಮೇಲೆ ಯಾರನ್ನೂ ನಿಲ್ಲಿಸಿಕೊಂಡು ಹೋಗುವಂತಿಲ್ಲ, ನಿಂತು ಹೋಗುವಂತೆಯೂ ಇಲ್ಲ. ಸಂಜೆ ಕೆಲಸ ಬಿಟ್ಟ ಹೊತ್ತಿಗೆ ನಮ್ಮ ರಸ್ತೆಗಳಲ್ಲಿ ಏನು ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಹಲಗೆ ಅಗಲವಾಗಿದ್ದು, ಮೇಲೆ ಒಂದು ಹಿಡಿ ಇದ್ದರೆ ಹುಡುಗರು ಹತ್ತಿ ನಿಲ್ಲುತ್ತಾರೆ, ಡ್ರೈವರ್ ಬೇಡ ಅಂದರೂ ಕೇಳುವುದಿಲ್ಲ. ಆದ್ದರಿಂದ ನಾನು ಹಲಗೆಯನ್ನು ಕ್ಯಾಬಿನ್ ಮುಗಿಯುವಲ್ಲಿಗೇ ನಿಲ್ಲಿಸುತ್ತೇನೆ. ಲೋಡ್ ಬಾಡಿ ಪಕ್ಕಕ್ಕೆ ಎಳೆಯುವುದಿಲ್ಲ, ಹೊರಗೆ ಹಿಡಿಯನ್ನೂ ಕೊಡುವುದಿಲ್ಲ. ಬೇರೆ ಕಡೆ ಮಾಡಿಸಿಕೊಳ್ಳುತ್ತೇವೆ ಅಂತ ಹೋದವರೂ ಇದ್ದಾರೆ. ಹೋಗಲಿ.

ಇಷ್ಟು ಹೇಳಿ ಪ್ರಶ್ನೆ ಕೇಳಿ ಅಂದೆ. ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಕೊಡುತ್ತೇನೆ.

ಐಟಿಐ ಓದುವ ಹುಡುಗನೊಬ್ಬ ಎದ್ದು, "ಸಾರ್, ಅಲ್ಯೂಮಿನಿಯಂನಲ್ಲಿ ಮಾಡಿದರೆ ಹಗುರ ಆಗಲ್ವಾ?" ಅಂತ ಕೇಳಿದ.

ಆಗುತ್ತಪ್ಪ. ಕಬ್ಬಿಣದ ಮೂರನೇ ಒಂದು ಭಾಗ ತೂಕ. ಹಲಗೆಗೆ ಹಾಕು, ಚೆನ್ನಾಗಿರುತ್ತದೆ. ಬ್ರಾಕೆಟ್ ಕಬ್ಬಿಣದ್ದೇ ಇರಲಿ. ಅಲ್ಯೂಮಿನಿಯಂಗೆ ಟಿಗ್ ಅಥವಾ ಮಿಗ್, ಅಂದರೆ ಅನಿಲದ ರಕ್ಷಣೆಯಲ್ಲಿ ಮಾಡುವ ವೆಲ್ಡಿಂಗ್ ಬೇಕು, ವೆಲ್ಡ್ ಮಾಡಿದ ಜಾಗದಲ್ಲಿ ಅದರ ಬಲ ಇಳಿಯುತ್ತದೆ. ಎರಡು ಲೋಹ ಮುಟ್ಟುವಲ್ಲಿ ರಬ್ಬರ್ ಅಥವಾ ನೈಲಾನ್ ವಾಷರ್ ಕೊಡು, ಒದ್ದೆಯಾದರೆ ಒಂದನ್ನೊಂದು ತಿನ್ನುತ್ತವೆ.

ವೆಲ್ಡರ್ ಒಬ್ಬರು, "ಜಿಐ (ಸತು ಲೇಪದ) ಪೈಪ್ ಹಾಕಿಬಿಟ್ಟರೆ ತುಕ್ಕಿನ ತಲೆನೋವೇ ಇಲ್ಲವಲ್ಲ ಅಣ್ಣ? ಹೊಗೆಗೆ ಹಾಲು ಕುಡಿದರೆ ಆಯ್ತು" ಅಂದರು.

ಹಾಲು ಕುಡಿಯಿರಿ, ಮೈಗೆ ಒಳ್ಳೆಯದು. ಆದರೆ ಸತುವಿನ ಹೊಗೆ ಹೋಗುವುದು ಶ್ವಾಸಕ್ಕೆ, ಹಾಲು ಹೋಗುವುದು ಹೊಟ್ಟೆಗೆ. ರಾತ್ರಿ ಚಳಿ ಜ್ವರ, ಮೈಕೈ ನೋವು ಬಂದು ಬೆಳಿಗ್ಗೆ ಹೊತ್ತಿಗೆ ಇಳಿಯುತ್ತದಲ್ಲ, ಅದು ಈ ಹೊಗೆಯದ್ದೇ. ವೆಲ್ಡ್ ಮಾಡುವ ಜಾಗದ ಸತುವನ್ನು ಮೊದಲು ಉಜ್ಜಿ ತೆಗೆಯಿರಿ, ಬಯಲಿನಲ್ಲಿ ಮಾಡಿ, ಹೊಗೆ ತಡೆಯುವ ಮಾಸ್ಕ್ ಹಾಕಿ. ಉಜ್ಜಿದ ಜಾಗಕ್ಕೆ ಆಮೇಲೆ ಸತು ಬಣ್ಣ ಹೊಡೆಯಬೇಕು, ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಶುರು.

ಸಕಲೇಶಪುರ ಕಡೆಯ ಹಿರಿಯ ಡ್ರೈವರ್ ಒಬ್ಬರು ಕೊನೆಗೆ ಕೇಳಿದರು: "ಎಲ್ಲ ಸರಿ, ನಮ್ಮ ಗಾಡೀಲಿ ಆಗಲೇ ಹಲಗೆ ಇದೆ. ಯಾರು ಮಾಡಿದ್ರೋ ಹೇಗೆ ಮಾಡಿದ್ರೋ. ಚೆನ್ನಾಗಿದೆಯೋ ಇಲ್ವೋ ಅಂತ ನೋಡೋದು ಹೇಗೆ?"

ಯಜಮಾನರೇ, ಸುಲಭ. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ. ಒಬ್ಬರು ಹಲಗೆಯ ನಡುವೆ ನಿಂತು ಮೆಲ್ಲಗೆ ತೂಗಲಿ, ನೀವು ಟಾರ್ಚ್ ಹಿಡಿದು ಬ್ರಾಕೆಟ್‌ನ ಬುಡ ನೋಡಿ. ಪ್ಲೇಟ್ ಮತ್ತು ಚಾಸಿಸ್ ನಡುವೆ ಬಾಯಿ ಬಿಟ್ಟು ಮುಚ್ಚಿದರೆ ಬೋಲ್ಟ್ ಸಡಿಲ. ಬೋಲ್ಟ್ ಸುತ್ತ ಕಂದು ಪುಡಿ ಉದುರಿದ್ದರೂ ಅದೇ ಅರ್ಥ. ವೆಲ್ಡ್ ಮಾಡಿದ್ದಾಗಿದ್ದರೆ ಬೀಡಿನ ಅಂಚನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ಗೆರೆ ಕಂಡರೆ ಆವತ್ತೇ ವರ್ಕ್‌ಶಾಪಿಗೆ ತನ್ನಿ. ಬಿಗಿ ಮಾಡಿದ ಮೇಲೆ ನಟ್ ಮತ್ತು ಪ್ಲೇಟ್ ಎರಡರ ಮೇಲೂ ಹಾದುಹೋಗುವಂತೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದುಬಿಡಿ. ಮುಂದಿನ ಸಲ ಸ್ಪ್ಯಾನರ್ ಬೇಕಾಗಿಲ್ಲ. ಗೆರೆ ನೇರವಾಗಿದ್ದರೆ ನಟ್ ಅಲುಗಿಲ್ಲ.